ತೊಗರಿ ಬೇಳೆಯ ಚೀಲಕ್ಕೆ ಸಂಪಾದಕರು ಸಿಕ್ಕಿದ್ದು

ಸೇಡಂನ ಒಂದು ದಾಲ್ ಮಿಲ್ಲಿನ ಆಫೀಸಿನಲ್ಲಿ ನಾನು ಕೆಲಸಕ್ಕೆ ಸೇರಿ ಆಗ ಆರು ವರ್ಷ. ಬಿಲ್ಲು ಹೊಡೆಯುವುದು, ಲಾರಿ ಬಂದರೆ ತೂಕದ ಚೀಟಿ ಹರಿದು ಕೊಡುವುದು, ಫೋನ್ ಎತ್ತುವುದು, ಇಷ್ಟೇ ನನ್ನ ಕೆಲಸ. ಬರಹಗಾರರನ್ನು ಹುಡುಕಿ ತರುವ ಕೆಲಸವೂ ಅದರಲ್ಲಿ ಸೇರಿದ್ದು ನಮ್ಮ ಸಾವಕಾರರಿಗೆ ಸಕ್ಕರೆ ಕಾಯಿಲೆ ಬಂದ ವರ್ಷ.

ಕಲಬುರಗಿಯ ಡಾಕ್ಟರು ಅವರಿಗೆ ದಿನಾ ನಡೆಯಲು ಹೇಳಿದ್ದರು. ಸಾವಕಾರರು ರಸ್ತೆಯಲ್ಲಿ ನಡೆದು ಹೊರಟರೆ ಮಂದಿ ಗಾಡಿ ನಿಲ್ಲಿಸಿ, "ಕಾರು ಕೆಟ್ಟದೇನ್ರಿ, ಹತ್ರಿ, ಬಿಟ್ಟು ಬರ್ತೀವಿ" ಅನ್ನುತ್ತಿದ್ದರಂತೆ. ಎರಡು ದಿನ ಹತ್ತಿ ಮನೆಗೂ ಬಂದರಂತೆ. ಅದಕ್ಕೇ ಮಿಲ್ಲಿನ ಅಂಗಳದಲ್ಲಿ, ಒಣಗಲು ಹರವಿದ ತೊಗರಿಯ ಸುತ್ತ ಮುಂಜಾನೆ ಸುತ್ತು ಹಾಕತೊಡಗಿದರು. ನಾಲ್ಕು ತಿಂಗಳಿಗೆ ಅಂಗಿ ಸಡಿಲಾಯಿತು. ಸಡಿಲಾದ ಅಂಗಿಯನ್ನು ಹೊಟ್ಟೆಯ ಹತ್ತಿರ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದರು. ಆಂಧ್ರದ ಕಡೆಯ ಲಾರಿ ಡ್ರೈವರುಗಳೂ ಅದನ್ನು ನೋಡಿ ತಲೆಯಾಡಿಸಿಯೇ ಚೀಲ ಇಳಿಸಬೇಕಿತ್ತು.

ಒಂದು ದಿನ ಸುತ್ತು ಮುಗಿಸಿದವರು ನೇರ ನನ್ನ ಟೇಬಲ್ಲಿಗೆ ಬಂದರು.

"ತಂಗಿ, ನಮ್ಮ ಬ್ಯಾಳಿ ಎಲ್ಲೆಲ್ಲಿ ಹೋಗ್ತದ?"

"ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಕಡಿ ಆದಿತ್ಯನಗರದ ಅಂಗಡಿಗೋಳಿಗಿ ಹೋಗ್ತದ್ರಿ."

"ಅಂದ್ರ ಅಷ್ಟೂ ಊರಿನ ಅಡಗಿ ಮನ್ಯಾಗ ನಾವು ಹೊಕ್ಕೀವಿ. ಹೊಕ್ಕ ಮ್ಯಾಲ ಸುಮ್ಮ ಕುಂದ್ರಬಾರದು. ಐದು ಕಿಲೋದ ಒಂದೊಂದು ಚೀಲದಾಗ ಒಂದೊಂದು ಚೀಟಿ ಹಾಕಮು. ಒಂದು ಕಡಿ ಆರೋಗ್ಯ, ಇನ್ನೊಂದು ಕಡಿ ಸಾಮಾನ್ಯ ವಿಷಯ."

"ಸಾಮಾನ್ಯ ವಿಷಯ ಅಂದ್ರ ಏನ್ರಿ?"

ಸಾವಕಾರರು ಕಿಟಕಿಯ ಹೊರಗೆ ನೋಡಿದರು. "ಆರೋಗ್ಯ ಬಿಟ್ಟು ಉಳದದ್ದೆಲ್ಲ," ಅಂದರು.

ಬರೆಯುವವರು ಬೇಕು, ಬರೆದದ್ದನ್ನು ತಿದ್ದುವವರು ಬೇಕು, ದಿನಾ ಬರುವುದು ಬೇಡ, ಕೆಲಸ ಇದ್ದಾಗ ಬಂದರೆ ಸಾಕು. ಇದಿಷ್ಟನ್ನು ಒಂದು ಜಾಹೀರಾತಿನಲ್ಲಿ ತುರುಕುವುದು ನನ್ನ ಪಾಲಿಗೆ ಬಂತು. ಫ್ರೀಲಾನ್ಸ್ ಎಂದು ಹಾಕಲು ಮನಸ್ಸಿತ್ತು. ಆದರೆ ಅದರೊಳಗಿನ ಫ್ರೀ ಸಾವಕಾರರಿಗೆ ಬಹಳ ಹಿಡಿಸಿಬಿಟ್ಟೀತೆಂದು ಹೆದರಿ, 'ಆರೋಗ್ಯ ಹಾಗೂ ಸಾಮಾನ್ಯ ವಿಷಯಗಳಿಗೆ ಬಿಡಿ ಬರಹಗಾರರು ಮತ್ತು ಸಂಪಾದಕರು ಬೇಕಾಗಿದ್ದಾರೆ, ಖುದ್ದಾಗಿ ಬಂದು ಕಾಣಿರಿ' ಎಂದು ಬರೆದು ಪೇಪರ್ ಏಜೆಂಟರಿಗೆ ಕೊಟ್ಟೆ. ಅಚ್ಚಾಗಿ ಬಂದಾಗ ಬಿಡಿ ಹೋಗಿ ಬೀಡಿ ಆಗಿತ್ತು.

ಮೊದಲು ಬಂದಾತ ಶಹಾಬಾದಿನ ಬೀಡಿ ವ್ಯಾಪಾರಿ. ಆರೋಗ್ಯದ ಬೀಡಿ ಎಂದರೆ ಎಂಥದ್ದು, ಅದರಲ್ಲಿ ಏನು ಹಾಕುತ್ತೀರಿ ಎಂದು ಕೇಳಿದ. ಅದು ಅಚ್ಚಿನ ತಪ್ಪು ಎಂದು ತಿಳಿಸಿ ಹೇಳಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ತನ್ನ ಕಾರ್ಡು ಟೇಬಲ್ ಮೇಲಿಟ್ಟು, "ಮಾರ್ಕೆಟಿಗಿ ಬಿಡೋ ಮುಂದ ಮೊದ್ಲ ನನಗ ಹೇಳ್ರಿ" ಅಂದು ಹೋದ.

ಎರಡನೆಯವನು ಇಸ್ತ್ರಿ ಅಂಗಿಯ ತರುಣ. ಸಂಪಾದಕ ಹುದ್ದೆಗೆ ಬಂದಿದ್ದೇನೆ ಎಂದ.

"ಮೊದ್ಲು ಎಲ್ಲಿ ಮಾಡೀರಿ?"

"ಎಲ್ಲೂ ಮಾಡಿಲ್ರಿ. ಇನ್ನ ಸಂಪಾದನಿ ಸುರು ಮಾಡ್ಬೇಕು ಅಂತ ಅದೀನಿ. ಮನ್ಯಾಗೂ ಅದನ್ನೇ ಹೇಳ್ಲಿಕತ್ತಾರ."

ಅವನಿಗೆ ಸಂಪಾದಕ ಎಂದರೇನೆಂದು ಬಿಡಿಸಿ ಹೇಳಿದಾಗ ಅವನ ಮುಖ ಇಳಿಯಿತು. ನನಗೂ ಕೆಡುಕೆನಿಸಿತು. ಚಹಾ ಕುಡಿಸಿ ಕಳಿಸಿದೆ.

ಮೂರನೆಯವರು ಚಿತ್ತಾಪುರದಿಂದ ಬಂದ ನಿವೃತ್ತ ಕನ್ನಡ ಲೆಕ್ಚರರು. ತಮ್ಮ ಹಾಳೆ, ತಮ್ಮ ಪೆನ್ನು, ಬೆನ್ನಿಗೆ ಇಟ್ಟುಕೊಳ್ಳಲು ತಮ್ಮದೇ ಒಂದು ಸಣ್ಣ ದಿಂಬು ತಂದಿದ್ದರು. ಪರೀಕ್ಷೆಗೆಂದು, ಕುಡಿಯುವ ನೀರಿನ ಬಗ್ಗೆ ಅರ್ಧ ಪುಟ ಬರೆದು ಕೊಡಿ ಎಂದು ಕೇಳಿದೆ.

"ಯಾವ ಕಾಲದಿಂದ ಸುರು ಮಾಡ್ಲವ್ವ?" ಎಂದರು.

ಮಿಲ್ಲಿನ ಊಟದ ಗಂಟೆ ಆಗುವವರೆಗೆ ಬರೆದರು. ನಾಲ್ಕನೆಯ ಪುಟ ತಿರುವಿ ನೋಡಿದರೆ ನೀರು ಇನ್ನೂ ಮೋಡದಲ್ಲಿತ್ತು.

"ಸರ್, ಕುಡಿಯೋದು ಯಾವಾಗ ಬರ್ತದ್ರಿ?"

"ಬರ್ತದ. ಅವಸರ ಮಾಡಿದ್ರ ಕೆಡ್ತದ."

ಅವರು ಹಾಳೆ ಕೊಟ್ಟು ಊರಿಗೆ ಹೋದ ಮೇಲೆ, ಅದೇ ಮಧ್ಯಾಹ್ನ ನಾಲ್ಕನೆಯವರು ಬಂದರು. ನಾಲವಾರದ ಹೆಣ್ಣುಮಗಳು, ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ದವಾಖಾನೆಗಳಲ್ಲಿ ನರ್ಸ್ ಆಗಿದ್ದವರು, ಹಿಂದಿನ ವರ್ಷ ನಿವೃತ್ತರಾಗಿದ್ದರು. ನಾಲವಾರದಲ್ಲಿ ರೈಲುಗಾಡಿ ಹತ್ತಿ, ವಾಡಿಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ಬಂದಿದ್ದರು. ಬಗಲಲ್ಲಿ ಒಂದು ಚೀಲ, ಅದರಲ್ಲಿ ಬಿ.ಪಿ. ನೋಡುವ ಮಿಷನ್ನು. ಅದನ್ನು ಯಾಕೆ ತಂದಿರಿ ಎಂದು ಕೇಳಿದ್ದಕ್ಕೆ, "ಮನ್ಯಾಗಿಟ್ರ ಮಕ್ಕಳು ಆಡ್ತಾವ" ಅಂದರು. ಲೆಕ್ಚರರ ನಾಲ್ಕು ಪುಟವನ್ನು ತಿದ್ದಲು ಅವರ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದರು. ಕೆಂಪು ಪೆನ್ನು ತೆಗೆದು ಉದ್ದಕ್ಕೆ, ಅಡ್ಡಕ್ಕೆ ಗೀಟು ಹಾಕಿ, ಕೊನೆಗೆ ಬೇರೊಂದು ಹಾಳೆಯಲ್ಲಿ ತಾವೇ ಬರೆದು ಕೊಟ್ಟರು: 'ನೀರು ಕಾಸಿ, ಆರಿಸಿ, ಸೋಸಿ ಕುಡೀರಿ. ಕೊಡದಾಗ ಕೈ ಅದ್ದಬ್ಯಾಡ್ರಿ.'

"ಸಿಸ್ಟರ್, ನಾಲ್ಕು ಪುಟ ಇತ್ತಲ್ರಿ."

"ಹೌದ್ರಿ. ಬಾವು ಇಳಿಸೀನಿ."

ಸಾವಕಾರರು ಎರಡನ್ನೂ ಓದಲಿಲ್ಲ. ಒಂದನ್ನು ಒಂದು ಕೈಯಲ್ಲಿ, ಇನ್ನೊಂದನ್ನು ಇನ್ನೊಂದು ಕೈಯಲ್ಲಿ ಹಿಡಿದು ನೋಡಿದರು. "ಒಬ್ರು ಬರೀಲಿ, ಒಬ್ರು ತಿದ್ದಲಿ. ಜೋಡಿ ಛಲೋ ಅದ," ಅಂದರು. ಹಾಗೆ ಇಬ್ಬರೂ ನೇಮಕವಾದರು.

ಲೆಕ್ಚರರು ಸೋಮವಾರ ಚಿತ್ತಾಪುರದ ಬಸ್ಸಿನ ಕಂಡಕ್ಟರ ಕೈಲಿ ದಪ್ಪ ಲಕೋಟೆ ಕಳಿಸುವರು. ಸಿಸ್ಟರ್ ಗುರುವಾರ ರೈಲಿನಲ್ಲಿ ಬಂದು ಅದನ್ನು ಬಿಚ್ಚಿ, ಚಹಾ ಆರುವುದರೊಳಗೆ ಮುಗಿಸುವರು. ನಿದ್ದೆಯ ಮೇಲಿನ ಒಂಬತ್ತು ಪುಟದಲ್ಲಿ ಉಳಿದದ್ದು, 'ಹೊತ್ತಿಗಿ ಸರಿಯಾಗಿ ಮಲಗ್ರಿ. ಮಲಗಿದ ಮ್ಯಾಲ ಮೊಬೈಲ್ ನೋಡಬ್ಯಾಡ್ರಿ.' ಸಾಮಾನ್ಯ ವಿಷಯಕ್ಕೆಂದು ಲೆಕ್ಚರರು ಗೆಳೆತನದ ಮೇಲೆ ಬಹಳ ಮನಸ್ಸಿಟ್ಟು ಬರೆದಿದ್ದರು. ಅದು, 'ಹಳೇ ಗೆಳೆಯರಿಗೆ ವಾರಕ್ಕೊಮ್ಮೆ ಫೋನ್ ಮಾಡ್ರಿ. ಶುಗರ್ ಎಷ್ಟದ ಕೇಳ್ರಿ' ಎಂದು ಅಚ್ಚಾಯಿತು.

ಆ ಚೀಟಿ ಚಿತ್ತಾಪುರಕ್ಕೆ ತಲುಪಿದ ದಿನ ಲೆಕ್ಚರರು ಫೋನ್ ಮಾಡಿದರು. ಮೆಲ್ಲಗೆ, "ಉಳದ ಪುಟ ನನಗ ಬಂದಿಲ್ಲ ಅನಸ್ತದವ್ವ," ಅಂದರು. ಬೇರೆ ಪುಟ ಇಲ್ಲ, ಅಷ್ಟೇ ಇರುವುದು ಎಂದು ಹೇಳಿದೆ. ಆದರೆ ಮುಂದಿನ ಸೋಮವಾರ ಬಂದ ಲಕೋಟೆ ಇನ್ನೂ ದಪ್ಪ ಇತ್ತು. ಹೆಚ್ಚು ಬರೆದರೆ ಹೆಚ್ಚು ಉಳಿದೀತೆಂದು ಅವರು ಲೆಕ್ಕ ಹಾಕಿದ್ದರು ಅಂತ ಕಾಣುತ್ತದೆ.

ಚೀಟಿಯ ತುಂಬ ಬಿಳಿ ಜಾಗ. ಸಾವಕಾರರು ಒಮ್ಮೆ, "ಸಿಸ್ಟರ್, ಇಷ್ಟು ಖಾಲಿ ಯಾಕ ಬಿಟ್ಟೀರಿ?" ಎಂದು ಕೇಳಿದರು.

"ಇರ್ಲಿರಿ. ಹೆಣ್ಮಕ್ಕಳು ಕಿರಾಣಿ ಪಟ್ಟಿ ಬರ್ಕೋತಾರ."

ಅದು ಖರೆ. ಚಿಂಚೋಳಿಯ ಅಂಗಡಿಯವರು ಹೇಳಿದರು, ನಮ್ಮ ಚೀಟಿಯ ಮೇಲೆಯೇ ಬರೆದುಕೊಂಡು ಸಾಮಾನಿಗೆ ಬರುತ್ತಾರೆ ಎಂದು.

ಮಳೆಗಾಲ ಕಳೆದ ಮೇಲೆ ಲೆಕ್ಚರರು 'ಮೂತ್ರಪಿಂಡದ ಕಲ್ಲು: ಕಾರಣ ಮತ್ತು ಪರಿಹಾರ' ಎಂಬುದನ್ನು ಕಳಿಸಿದರು. ಈ ಸಲ ಒಂದು ಶರತ್ತನ್ನೂ ಬರೆದಿದ್ದರು. ಒಳಗೆ ಏನು ಬೇಕಾದರೂ ಮಾಡಿರಿ, ತಲೆಬರಹ ಮಾತ್ರ ನನ್ನದೇ ಇರಲಿ. ಸಿಸ್ಟರ್ ಅದನ್ನು ಓದಿ, ಆಗಲಿ ಅಂದರು. ಒಳಗಿನದನ್ನೆಲ್ಲ ತೆಗೆದು, 'ನೀರು ಜಾಸ್ತಿ ಕುಡೀರಿ. ನೋವು ತಡೀದಿದ್ರ ದವಾಖಾನಿಗಿ ಹೋಗ್ರಿ' ಎಂದು ಬರೆದರು. ತಲೆಬರಹದಲ್ಲಿ ಮೊದಲ ಶಬ್ದ ಒಂದನ್ನೇ ಹೊಡೆದರು. "ಮೂತ್ರಪಿಂಡ ಅಂದ್ರ ಹಳ್ಳಿ ಮಂದಿಗಿ ತಿಳಿಯಂಗಿಲ್ಲ. ಕಲ್ಲು ಅಂದ್ರ ಎಲ್ಲಾರಿಗೂ ತಿಳೀತದ." ನಾನೂ ಹೌದೆಂದುಕೊಂಡು ಪ್ರೆಸ್ಸಿಗೆ ಕಳಿಸಿದೆ. ಆ ವಾರ ಬೇಳೆ ಹೆಚ್ಚಾಗಿ ಹೋದದ್ದು ವಾಡಿ, ರಾವೂರದ ಕಡೆಗೆ.

ಮುಂದಿನ ಗುರುವಾರ ನಾನು ಆಫೀಸಿನ ಬೀಗ ತೆಗೆಯುವಾಗಲೇ ಗೇಟಿನ ಹತ್ತಿರ ಹನ್ನೊಂದು ಮಂದಿ ನಿಂತಿದ್ದರು. ಎಲ್ಲರ ಕೈಯಲ್ಲೂ ಆಧಾರ್ ಕಾರ್ಡಿನ ಝೆರಾಕ್ಸು, ಕೆಲವರ ಕೈಯಲ್ಲಿ ಪಹಣಿ, ಪಾಸ್‌ಬುಕ್ಕು. ಮುಂದೆ ರುಮಾಲು ಸುತ್ತಿದ ಒಬ್ಬ ಹಿರಿಯರು. ನಮ್ಮ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು.

"ಪರಿಹಾರ ಯಾವ ಟೇಬಲ್ ಮ್ಯಾಲ ಕೊಡ್ತೀರವ್ವ?"

"ಯಾವ ಪರಿಹಾರ್ರಿ?"

"ಕಲ್ಲಿಂದು. ರಾವೂರದಾಗ ಮದ್ದಿಟ್ಟು ಕಲ್ಲಿನ ಖಣಿ ಹಾರಸ್ತಾರಲ್ಲ, ಆ ಹೊಡತಕ್ಕ ನಮ್ಮ ಮನಿ ಗ್ವಾಡಿ ಸೀಳ್ಯಾವ. ಎಷ್ಟ್ ಕಡಿ ತಿರಗ್ಯಾಡೀವಿ. ಈಗ ಬ್ಯಾಳಿ ಚೀಲದಾಗ ಬಂದದ. ಸುಳ್ಳಿದ್ರ ಬ್ಯಾಳ್ಯಾಗ ಯಾಕ ಹಾಕ್ತಾರ ಅಂತ ಎಲ್ಲಾರೂ ಕೂಡಿ ಬಂದೀವಿ."

ನಾನು ಚೀಟಿಯನ್ನು ಕೈಗೆ ತೆಗೆದುಕೊಂಡು, ಕೆಳಗೆ ಬರೆದದ್ದನ್ನು ತೋರಿಸಿದೆ. ಇದು ನೀರು ಕುಡಿಯುವುದರ ಬಗ್ಗೆ ಇದೆ ಅಂದೆ.

"ಅದನ್ನೂ ಓದೀವಿ. ನೀರು ಜಾಸ್ತಿ ಕುಡೀರಿ ಅಂತ ಅದ. ನಮ್ಮ ಓಣ್ಯಾಗ ನೀರು ಎರಡು ದಿನಕ್ಕೊಮ್ಮಿ ಬರ್ತದ. ಅದೂ ಬರ್ಕೋರಿ."

ಅಷ್ಟರಲ್ಲಿ ಸಾವಕಾರರು ಸುತ್ತು ಮುಗಿಸಿ ಬಂದರು. ಗೇಟಿನಲ್ಲಿ ಹನ್ನೊಂದು ಮಂದಿ, ಎಲ್ಲರ ನಡುವೆ ತಮ್ಮ ಚೀಟಿ. ಅವರ ಕಣ್ಣು ತುಂಬಿದವು. ಚೀಟಿ ಓದಿ ಮಂದಿ ಹುಡುಕಿಕೊಂಡು ಬಂದಿದ್ದಾರೆ ಎಂದುಕೊಂಡು, ಯಾರನ್ನೂ ಕೇಳದೆ, ನಡಿಗೆಯ ಮೇಲೆ ಮಾತಾಡತೊಡಗಿದರು. ದಿನಾ ನಡೆಯಬೇಕು, ಗಾಡಿಯ ಚಟ ಬಿಡಬೇಕು ಎಂದರು. ಅಂಗಿ ಹಿಡಿದು ತೋರಿಸಿದರು. ಸ್ಟೇಷನ್ನಿನಿಂದ ಮಿಲ್ಲಿನವರೆಗೆ ನಡೆದೇ ಬಂದಿದ್ದ ಮಂದಿ ಸುಮ್ಮನೆ ಕೇಳಿದರು. ಪರಿಹಾರ ಕೊಡುವ ಮುಂಚೆ ಸಾಹೇಬರು ಮಾತಾಡುವುದು ಅವರಿಗೆ ಹೊಸದಲ್ಲ. ಮುಗಿದ ಮೇಲೆ ಚಪ್ಪಾಳೆಯನ್ನೂ ಹೊಡೆದರು. ಸಾವಕಾರರು ಎಲ್ಲರಿಗೂ ಚಹಾ ಹೇಳಿ ಒಳಗೆ ಹೋದರು. ಚಹಾ ಬಂದ ಮೇಲೆ ರಾವೂರದವರಿಗೆ ಕೆಲಸ ಆಗುತ್ತದೆಂದು ಖಾತ್ರಿಯಾಯಿತು.

ಹತ್ತೂವರೆಗೆ ಸಿಸ್ಟರ್ ಬಂದರು. ನಾನು ನಡೆದದ್ದನ್ನು ಅವರ ಕಿವಿಯಲ್ಲಿ ಹೇಳಿದೆ. ಅವರು ಮಂದಿಯ ಮುಂದೆ ನಿಂತು, "ಇದು ಹೊಟ್ಟ್ಯಾಗಿನ ಕಲ್ಲಿನ ಮಾತು," ಅಂದರು.

"ಹೊಟ್ಟ್ಯಾಗೂ ಹೋಗ್ಯದ್ರಿ ಸಿಸ್ಟರ್," ಅಂದರು ರುಮಾಲಿನ ಹಿರಿಯರು. "ಊಟಕ್ಕ ಕುಂತ್ರ ತಾಟಿನ ಮ್ಯಾಲ ಧೂಳು ಕುಂದ್ರತದ."

ಸಿಸ್ಟರ್ ಚೀಲದಿಂದ ಮಿಷನ್ನು ತೆಗೆದು, ನನ್ನ ಕುರ್ಚಿ ಎಳೆದುಕೊಂಡು, "ಬರ್ರಿ, ಕುಂದ್ರಿ, ತೋಳು ಮ್ಯಾಲ ಮಾಡ್ರಿ," ಅಂದರು. ಹನ್ನೊಂದು ಮಂದಿ ಸಾಲು ನಿಂತರು. ಬಿ.ಪಿ. ನೋಡಿ, ಅಂಕಿಯನ್ನು ಅವರವರ ಆಧಾರ್ ಝೆರಾಕ್ಸಿನ ಹಿಂದೆ ಬರೆದು ಕೊಟ್ಟರು. ಹಿರಿಯರದು ನೂರಾ ಎಂಬತ್ತರ ಮೇಲೆ ಇತ್ತು. ಅದರ ಕೆಳಗೆ ಸಿಸ್ಟರ್ ಎರಡು ಗೀಟು ಎಳೆದರು. ಹಿರಿಯರು ಅದನ್ನು ಉಳಿದವರಿಗೆ ತೋರಿಸಿ, "ನಂದು ಎಲ್ಲಾರ್ಕಿಂತ ಜಾಸ್ತಿ ಬಂದದ," ಅಂದರು. ಉಳಿದವರ ಮುಖದಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಕಂಡಿತು. ಒಬ್ಬಾತ ತನ್ನ ಮನೆಯದೂ ಅಷ್ಟೇ ದೊಡ್ಡ ಬಿರುಕು ಎಂದು ವಾದಿಸಿದ.

ಇನ್ನು ತಡೆಯುವುದು ನನ್ನಿಂದ ಆಗಲಿಲ್ಲ. ನಡುವೆ ನಿಂತು, ಇದು ದಾಲ್ ಮಿಲ್ಲು, ಇಲ್ಲಿ ಪರಿಹಾರ ಕೊಡುವುದಿಲ್ಲ, ತಪ್ಪು ನಮ್ಮದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಯಾರೂ ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಹಿರಿಯರು ಚೀಟಿಯನ್ನು ಕವರಿನಿಂದ ತೆಗೆದು ಮತ್ತೊಮ್ಮೆ ಓದಿ, "ಹಂಗಾದ್ರ ಇದನ್ನ ಬರ್ದೋರು ಯಾರು?" ಎಂದು ಕೇಳಿದರು.

"ಚಿತ್ತಾಪುರದ ಒಬ್ಬ ಸರ್ರು."

"ಕಲ್ಲಿನ ಬಗ್ಗೆ ಇಷ್ಟು ಬರ್ದೋರು ನಮಗೂ ನಾಲ್ಕು ಸಾಲು ಬರ್ದು ಕೊಡ್ಲಿ. ಅರ್ಜಿ ಕೊಟ್ಟು ನೋಡ್ತೀವಿ."

ಲೆಕ್ಚರರಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ದಿಂಬು ಹಿಡಿದುಕೊಂಡು ಬಂದರು. ತಮ್ಮ ತಲೆಬರಹಕ್ಕೆ ಏನಾಗಿದೆ ಎಂದು ತಿಳಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಸಿಸ್ಟರ್ ಅಲ್ಲೇ ಕುಳಿತಿದ್ದರು. ಇಷ್ಟು ತಿಂಗಳು ಒಬ್ಬರ ಬರಹ ಒಬ್ಬರು ಓದಿದ್ದರೇ ಹೊರತು ಮುಖ ನೋಡಿರಲಿಲ್ಲ.

"ನೀವೇ ಏನ್ರಿ?" ಅಂದರು ಲೆಕ್ಚರರು.

"ಹೌದ್ರಿ ಸರ್."

"ಗೆಳೆತನದ ಲೇಖನದಾಗ ಶುಗರ್ ಯಾಕ ತಂದ್ರಿ?"

"ನೀವು ಗೆಳೆಯರಿಗಿ ಫೋನ್ ಮಾಡಿ ಮತ್ತೇನ್ ಕೇಳ್ತೀರಿ, ಹೇಳ್ರಿ."

ಲೆಕ್ಚರರು ದಿಂಬು ಎತ್ತಿಕೊಂಡರು. ಅಂಗಳದಲ್ಲಿ ತೊಗರಿ ಹರವುವ ತಾಳಪತ್ರಿಯ ಮೇಲೆ ಕುಳಿತು ಹನ್ನೊಂದು ಮನೆಯವರ ಮಾತನ್ನೂ ಒಬ್ಬೊಬ್ಬರಿಂದ ಕೇಳಿ ಬರೆದುಕೊಂಡರು. ಯಾವ ಗೋಡೆ, ಬಿರುಕು ಯಾವ ಕಡೆಯಿಂದ ಯಾವ ಕಡೆಗೆ, ಹಾರಿಸುವಾಗ ಜಂತಿಯಿಂದ ಏನು ಬೀಳುತ್ತದೆ, ಎಳೆ ಕೂಸು ಹೇಗೆ ಬೆಚ್ಚುತ್ತದೆ. ಹದಿನಾಲ್ಕು ಪುಟವಾಯಿತು. ಒಬ್ಬ ಹೆಣ್ಣುಮಗಳು ತನ್ನ ಮನೆಯ ಪುಟವನ್ನು ಎರಡು ಸಲ ಓದಿಸಿಕೊಂಡು ಕೇಳಿದಳು. ರೂಢಿಯಂತೆ ಸಿಸ್ಟರ್ ಕೆಂಪು ಪೆನ್ನು ತೆಗೆದರು. ಹಿರಿಯರು ಕೈ ಅಡ್ಡ ಹಿಡಿದರು.

"ಕಡಿಮಿ ಮಾಡಬ್ಯಾಡ್ರಿ ಸಿಸ್ಟರ್. ಆಫೀಸಿನಾಗ ದಪ್ಪ ಇದ್ರೇನೇ ಕೈಗಿ ಹತ್ತತದ."

ಸಿಸ್ಟರ್ ಪೆನ್ನು ಒಳಗಿಟ್ಟರು. ಲೆಕ್ಚರರ ಮುಖದಲ್ಲಿ ಅಂದು ಕಂಡ ಸಮಾಧಾನವನ್ನು ನಾನು ಮತ್ತೆ ಯಾರ ಮುಖದಲ್ಲೂ ಕಂಡಿಲ್ಲ.

ಅರ್ಜಿ ಕೊಟ್ಟ ಸರ್ಕಾರಿ ಆಫೀಸಿನಿಂದ ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು. ಅರ್ಜಿ ದೀರ್ಘವಾಗಿದ್ದು, ವಿಷಯವನ್ನು ಸಂಕ್ಷಿಪ್ತವಾಗಿ ಒಂದೇ ಪುಟದಲ್ಲಿ ಸಲ್ಲಿಸುವುದು ಎಂದು ಅದರಲ್ಲಿತ್ತು. ಹಿರಿಯರು ಅದನ್ನು ಹಿಡಿದು ಮಿಲ್ಲಿಗೇ ಬಂದರು. ಸಿಸ್ಟರ್ ಹದಿನಾಲ್ಕು ಪುಟವನ್ನೂ ಓದಿದರು. ಈ ಸಲ ಚಹಾ ಆರಿ ತಣ್ಣಗಾದರೂ ಮುಗಿದಿರಲಿಲ್ಲ. ಕಡೆಗೆ, 'ಖಣಿ ಹಾರಿಸಿ ಹನ್ನೊಂದು ಮನೆಯ ಗೋಡೆ ಸೀಳಿವೆ. ಬಂದು ನೋಡಿರಿ' ಎಂದು ಬರೆದರು. ಲೆಕ್ಚರರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು, "ಸರಿ ಅದ. ಕೆಳಗ ಒಂದು 'ದಯವಿಟ್ಟು' ಹಾಕ್ರಿ," ಅಂದರು. ಸಿಸ್ಟರ್ ಹಾಕಿದರು.

ಆಮೇಲೆ ಚೀಟಿ ಬಹಳ ದಿನ ನಡೆಯಲಿಲ್ಲ. ಬೇಳೆ ಮಿಲ್ಲಿನಲ್ಲಿ ಅರ್ಜಿ ಬರೆದು ಕೊಡುತ್ತಾರೆ, ಬಿ.ಪಿ. ನೋಡುತ್ತಾರೆ ಎಂಬ ಸುದ್ದಿ ವಾಡಿ, ಶಹಾಬಾದ, ಚಿಂಚೋಳಿಯವರೆಗೂ ಹೋಗಿ, ಗುರುವಾರ ಬಂತೆಂದರೆ ತೂಕದ ಕಾಂಟಾದ ಹತ್ತಿರ ಸಾಲು ಹತ್ತುತ್ತಿತ್ತು. ಪಿಂಚಣಿ ನಿಂತವರು, ಪಹಣಿಯಲ್ಲಿ ಹೆಸರು ತಪ್ಪಾದವರು, ಸುಮ್ಮನೆ ತಲೆ ತಿರುಗುವವರು. ಚೀಟಿ ಬರೆಯಲು ಲೆಕ್ಚರರಿಗೂ ತಿದ್ದಲು ಸಿಸ್ಟರಿಗೂ ಪುರುಸೊತ್ತು ಉಳಿಯಲಿಲ್ಲ. ಚೀಟಿ ನಿಂತದ್ದು ಸಾವಕಾರರಿಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ. ಸಾಲನ್ನು ನೋಡಿ, ಬಹಳ ಮಂದಿ ಆರೋಗ್ಯದ ಕಡೆಗೆ ತಿರುಗಿದ್ದಾರೆ ಎಂದು ಸಂತೋಷಪಟ್ಟರು. ಸಾಲಿನವರಿಗೆ ನಡಿಗೆಯ ಮಾತು ಹೇಳುವುದನ್ನು ಬಿಡಲಿಲ್ಲ.

ಹೋದ ಬೇಸಿಗೆಯಲ್ಲಿ ವಾಡಿಗೆ ಒಂದು ಮದುವೆಗೆ ಹೋದವಳು ರಾವೂರಕ್ಕೂ ಹೋಗಿ ಬಂದೆ. ಆಫೀಸಿನಿಂದ ಯಾರೋ ಇಬ್ಬರು ಬಂದು ಟೇಪು ಹಿಡಿದು ಅಳೆದು, ಪ್ರತಿ ಬಿರುಕಿನ ಪಕ್ಕ ಸೀಮೆಸುಣ್ಣದಿಂದ ನಂಬರು ಹಾಕಿ ಹೋಗಿದ್ದರಂತೆ. ಮತ್ತೆ ಬಂದಿಲ್ಲ. ಸುಣ್ಣ ಬಳಿದರೆ ನಂಬರು ಹೋಗುತ್ತದೆಂದು ಹನ್ನೊಂದು ಮನೆಯವರೂ ಆ ವರ್ಷ ಹಬ್ಬಕ್ಕೆ ಸುಣ್ಣ ಬಳಿದಿರಲಿಲ್ಲ. ಹಿರಿಯರು ಏಳನೆಯ ನಂಬರಿನ ಬಿರುಕಿನ ಕೆಳಗೆ ಹೊರಸು ಹಾಕಿಕೊಂಡು ಕುಳಿತಿದ್ದರು. ಮೇಲೆ ಗೋಡೆಯ ಗೂಡಿನಲ್ಲಿ ಬಿ.ಪಿ. ಗುಳಿಗೆಯ ಪಟ್ಟಿ.

"ಏನಾಯ್ತ್ರಿ ಅಜ್ಜಾ?" ಎಂದು ಕೇಳಿದೆ.

"ಗ್ವಾಡೀದು ಇನ್ನಾ ಗೊತ್ತಿಲ್ಲವ್ವ. ನಂದು ನೂರಾ ಮೂವತ್ತಕ್ಕ ಬಂದದ," ಅಂದರು. ಒಳಗೆ ಸೊಸೆಗೆ ಚಹಾ ಇಡಲು ಹೇಳಿ, ನನಗೆ ಹೊರಸಿನ ಮೇಲೆ ಜಾಗ ಮಾಡಿ ಕೊಟ್ಟರು.